ಸ್ಕ್ಯಾನ್ ಮಾಡಿದರೆ ಸಾಲದು, ಹುಡುಕಿದರೆ ಸಿಗಬೇಕು

ಸಂಪಾದಕರೇ,

ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ತುಂಬಾ ಒಳ್ಳೆಯ ಕೆಲಸ. ಆದರೆ ಕಡತಕ್ಕೆ ಯಾವ ಹೆಸರು ಕೊಟ್ಟು ಕಂಪ್ಯೂಟರಿಗೆ ಹಾಕುತ್ತೀರಿ ಅನ್ನೋದೂ ಅಷ್ಟೇ ಮುಖ್ಯ ಅಲ್ವಾ? ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋದ ಒಂದೇ ಬಗೆಯ ಕಡತಕ್ಕೆ ಒಬ್ಬರು ‘ಖಾತೆ ಬದಲಾವಣೆ’ ಅಂತ, ಇನ್ನೊಬ್ಬರು ‘ಮ್ಯುಟೇಷನ್’ ಅಂತ, ಮತ್ತೊಬ್ಬರು ಬರೀ ‘ಎಂ.ಆರ್.’ (ಮ್ಯುಟೇಷನ್ ರಿಜಿಸ್ಟರ್) ಅಂತ ಬರೆದರೆ, ಒಂದನ್ನು ಹುಡುಕಿದಾಗ ಉಳಿದೆರಡು ಬರುವುದಿಲ್ಲ, ಕಡತ ಒಳಗೇ ಇದ್ದರೂ ರೈತನ ಕೈಗೆ ‘ಲಭ್ಯವಿಲ್ಲ’ ಅನ್ನೋ ಹಿಂಬರಹ ಸಿಗುತ್ತದೆ.

ನಮ್ಮ ಕಡೆ ತೊಡಕು ಇನ್ನೂ ಜಾಸ್ತಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದ ತಾಲ್ಲೂಕುಗಳ ಜೊತೆ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ವಾಪಸ್ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೇ ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೂ ಕಾಗದ ಸಿಗಬೇಕು.

ಇದಕ್ಕೆ ಒಪ್ಪಿತ ಪದಪಟ್ಟಿ ಬೇಕು. ಒಂದು ವಿಷಯಕ್ಕೆ ಒಂದೇ ಹೆಸರು, ಮಿಕ್ಕ ಹೆಸರುಗಳ ಮುಂದೆ ‘ಇದನ್ನು ನೋಡಿ’ ಎಂಬ ಸೂಚನೆ, ‘ಭೂ ದಾಖಲೆ’ಯಂಥ ದೊಡ್ಡ ವಿಷಯದ ಕೆಳಗೆ ‘ಪೋಡಿ’ (ಸರ್ವೆ ನಂಬರಿನ ವಿಭಜನೆ), ‘ಹದ್ದುಬಸ್ತು’ (ಜಮೀನಿನ ಗಡಿ ಗುರುತಿಸುವುದು) ಇಂಥ ಚಿಕ್ಕ ವಿಷಯಗಳು. ಇಂಥ ಪಟ್ಟಿ ಮಾಡುವ ಕ್ರಮಕ್ಕೆ ಐಎಸ್‌ಒ 25964 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ದಾಖಲೆಗಳಿಗೆ ಪಟ್ಟಿ, ಸೂಚಿ ಇರಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ.

ಸುಮ್ನೆ ಬೆಂಗಳೂರಿನಲ್ಲಿ ಕೂತು ಈ ಪಟ್ಟಿ ಮಾಡಬೇಡಿ. ರೆಕಾರ್ಡ್ ರೂಮಿನ ಸಿಬ್ಬಂದಿ, ಸರ್ವೆಯವರು, ಅರ್ಜಿ ಬರೆದುಕೊಡುವವರು, ಇವರನ್ನು ಮೊದಲು ಕೇಳಿ. ಸ್ಕ್ಯಾನಿಂಗ್ ಮುಗಿಯುವ ಮುಂಚೆಯೇ ಜಿಲ್ಲಾಡಳಿತ ಇದನ್ನು ಶುರು ಮಾಡಲಿ.

– ಒಬ್ಬ ಓದುಗ, ದಾವಣಗೆರೆ