ವಾರೆನ್ ಝೀವಾನ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ರಾಕ್ ಸಂಗೀತ ಅಂದರೆ ನಮ್ಮ ಪತ್ರಿಕೆಗಳಲ್ಲಿ ಅದೇ ನಾಲ್ಕೈದು ಹೆಸರು. ಅಮೆರಿಕದ ರಾಕ್ ಗಾಯಕ ವಾರೆನ್ ಝೀವಾನ್ ಬಗ್ಗೆ ನಾನಂತೂ ಕನ್ನಡದಲ್ಲಿ ಓದಿದ ನೆನಪಿಲ್ಲ. ಹುಟ್ಟಿದ್ದು 1947ರಲ್ಲಿ, ಷಿಕಾಗೋದಲ್ಲಿ. ತಂದೆ ಜೂಜುಕೋರ. ಮೊದಮೊದಲು ಎವರ್ಲಿ ಬ್ರದರ್ಸ್ ಎಂಬ ಗಾಯಕ ಸೋದರರಿಗೆ ಪಿಯಾನೋ ನುಡಿಸುತ್ತಿದ್ದ ಈತನಿಗೆ ಹೆಸರು ಬಂದದ್ದು 1978ರ 'ಎಕ್ಸೈಟಬಲ್ ಬಾಯ್' ಆಲ್ಬಮ್‌ನಿಂದ. ಅದರ ಹಾಡುಗಳಲ್ಲಿ ಬರುವವರು ಕೊಲೆಗಾರ ಹುಡುಗ, ತಲೆಯಿಲ್ಲದ ಕೂಲಿ ಸೈನಿಕ, ಲಂಡನ್ ಬೀದಿಯ ತೋಳ ಮನುಷ್ಯ. ವಿಷಯ ಇಷ್ಟು ಭಯಂಕರ, ರಾಗ ಮಾತ್ರ ಕುಣಿಸುವಂಥದ್ದು! ನಗಬೇಕೋ ಬೆಚ್ಚಬೇಕೋ ಗೊತ್ತಾಗುವುದಿಲ್ಲ.

ಕುಡಿತ ಆತನನ್ನೂ ಮನೆಯವರನ್ನೂ ಜಾಸ್ತಿನೇ ಕಾಡಿತು. ಅದನ್ನು ಮುಚ್ಚಿಡಬಾರದು. ಆತನೂ ಮುಚ್ಚಿಡಲಿಲ್ಲ, ಕೆಟ್ಟದ್ದನ್ನೂ ಸೇರಿಸಿ ತನ್ನ ಜೀವನಕಥೆ ಬರೆಯಲು ಮಾಜಿ ಹೆಂಡತಿಗೇ ಹೇಳಿದ್ದ.

ಡಾಕ್ಟರ್ ಅಂದರೆ ಭಯ, ವರ್ಷಗಟ್ಟಲೆ ಅತ್ತ ಸುಳಿಯಲಿಲ್ಲ. 2002ರಲ್ಲಿ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಪತ್ತೆಯಾದಾಗ ವೈದ್ಯರು ಕೊಟ್ಟ ಗಡುವು ಕೆಲವೇ ತಿಂಗಳು. ಡೇವಿಡ್ ಲೆಟರ್‌ಮನ್ ತಮ್ಮ ಟಿವಿ ಕಾರ್ಯಕ್ರಮದ ಪೂರ್ತಿ ಒಂದು ಗಂಟೆಯನ್ನು ಆತನಿಗೇ ಬಿಟ್ಟುಕೊಟ್ಟರು. ಸಾವು ಬದುಕಿನ ಬಗ್ಗೆ ಏನು ತಿಳಿಯಿತು ಅಂತ ಕೇಳಿದರೆ, ಪ್ರತಿ ಸ್ಯಾಂಡ್‌ವಿಚ್ಚನ್ನೂ ಸವಿದು ತಿನ್ನಬೇಕು ಎಂಬರ್ಥದ ಉತ್ತರ! ಆಸ್ಪತ್ರೆ ಸೇರುವ ಬದಲು ಸ್ಟುಡಿಯೋ ಸೇರಿ 'ದಿ ವಿಂಡ್' ಆಲ್ಬಮ್ ಮುಗಿಸಿದ. ಅದು ಬಂದದ್ದು 2003ರ ಆಗಸ್ಟ್ ಕೊನೆಗೆ, ಆತ ಹೋದದ್ದು ಸೆಪ್ಟೆಂಬರ್ 7ಕ್ಕೆ. ಗ್ರ್ಯಾಮಿ ಸಿಕ್ಕಿದ್ದು ಸತ್ತ ಮೇಲೆ. ರಾಕ್ ಸಂಗೀತಗಾರರ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಲಂತೂ 2025 ಬರಬೇಕಾಯಿತು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಡಬಹುದಲ್ವಾ?

– ಒಬ್ಬ ಓದುಗ, ಮೈಸೂರು