ಹೆಸರು ಬೇಡ ಅಂದವರಿಗೆ

ವರ್ಷ ಮುಗಿಯೋ ಮುಂಚೆ ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಬೇಕು. ಈ 2025ರ ಸೆಪ್ಟೆಂಬರಿನಲ್ಲಿ ಏನಾಯ್ತು ಅಂತ ಮತ್ತೆ ಪೂರ್ತಿ ಬರೆಯಲ್ಲ. ಇದನ್ನು ಓದುವ ಅರ್ಧ ಜನ ಆಗ ಫೋನ್ ಮಾಡಿ ವಿಚಾರಿಸಿಕೊಂಡವರೇ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಹಳೇ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು ಬರೆದ ಎರಡು ಸಾಲು, ನನ್ನ ಫೋಟೊ, ನನ್ನ ಮೊಬೈಲ್ ನಂಬರ್ ಮೂರೂ ಒಂದೇ ಚಿತ್ರವಾಗಿ ಊರೂರು ಸುತ್ತಿದವು.

ಆ ಎರಡು ಸಾಲಿನಲ್ಲಿ ಅಂಥದ್ದೇನೂ ಇರಲಿಲ್ಲ. ಮೈಸೂರು ದಸರಾ ಉದ್ಘಾಟನೆಗೆ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದ ಸುದ್ದಿ ಬಂದಿತ್ತು, ದೇವಿ ಪೂಜೆಗೆ ಮುಸ್ಲಿಮರು ಯಾಕೆ ಅನ್ನೋ ಗಲಾಟೆಯೂ ಎದ್ದಿತ್ತು. ಮೇ ತಿಂಗಳಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸೇರಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ, ಶಾಲೆ ತೆರೆದ ವಾರವೇ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದ ಕನ್ನಡ ಮೇಡಂ ನಾನು. ‘ನಮ್ಮ ಹಾಸನದ ಹೆಂಗಸೊಬ್ಬರು ದೀಪ ಹಚ್ಚಿದರೆ ನಮಗೇ ಮರ್ಯಾದೆ ಅಲ್ವಾ’ ಅಂತ ಬರೆದೆ. ಅಷ್ಟೇ. ಚಿತ್ರ ಮಾಡಿ ಹೊರಗೆ ಕಳಿಸಿದ್ದು ಯಾರು ಅಂತ ಗೊತ್ತು. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವರ ವಿಷಯ ಇಲ್ಲಿಗೆ ಬಿಟ್ಟೆ.

ಮೊದಲು ಬೇಗ ಬೇಗ ಕೆಲವರು. ಬಂದ ದೂರನ್ನು ಓದಿ, ಮಡಚಿ, ಮೇಜಿನ ಕಾಲಿನ ಕೆಳಗೆ ಆನಿಸಿಟ್ಟ ನಮ್ಮ ಹೆಡ್‌ಮಾಸ್ಟರಿಗೆ. ‘ಮೇಡಂ, ಏನನ್ನೂ ಡಿಲೀಟ್ ಮಾಡಬೇಡಿ, ಎಲ್ಲ ಸೇವ್ ಮಾಡಿಕೊಳ್ಳಿ’ ಅಂದ ಠಾಣೆಯ ಮಹಿಳಾ ಕಾನ್‌ಸ್ಟೆಬಲ್‌ಗೆ. ಹೊಸ ಸಿಮ್ಮಿಗೆ ದುಡ್ಡು ಬೇಡ ಅಂದ ಬಸ್‌ಸ್ಟ್ಯಾಂಡಿನ ಅಂಗಡಿ ಹುಡುಗನಿಗೆ. ರಾತ್ರಿ ಬಸ್ ಹತ್ತಿ ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದ ನನ್ನ ಯಜಮಾನರಿಗೆ (ಇವರಿಗೆ ಥ್ಯಾಂಕ್ಸ್ ಹೇಳಿದರೆ ನಗ್ತಾರೆ, ಇರಲಿ). ನನ್ನ ಪರವಾಗಿ ಗುಂಪಿನಲ್ಲಿ ಮಾತಾಡಿದ ಮೂವರಿಗೆ. ಮಾತಾಡದೆ ಸುಮ್ನೆ ಗುಂಪು ಬಿಟ್ಟು ಹೋದ ಒಬ್ಬರಿಗೂ. ಅದೂ ಧೈರ್ಯವೇ.

ನಮ್ಮ ಪಂಚಾಯ್ತಿಯ ಲೈಬ್ರರಿ, ಅಂದರೆ ಅರಿವು ಕೇಂದ್ರದ ಹುಡುಗನಿಗೆ ಒಂದು ಸಾಲು ಜಾಸ್ತಿ ಬೇಕು. ಆ ವಾರ ಯಾರೋ ಇಬ್ಬರು ಬಂದು ‘ಆ ಮೇಡಂ ಎಂಥ ಪುಸ್ತಕ ಓದ್ತಾರೆ, ತೋರ್ಸು’ ಅಂದರಂತೆ. ಅವನು ರಿಜಿಸ್ಟರ್ ಮುಚ್ಚಿ ಅದರ ಮೇಲೆ ಮೊಣಕೈ ಇಟ್ಟುಕೊಂಡು ‘ಕನ್ನಡ ಪುಸ್ತಕ ಓದ್ತಾರೆ’ ಅಂದನಂತೆ. ತೆರೆದು ತೋರಿಸಿದ್ದರೆ ಬಂದವರಿಗೇ ನಿರಾಸೆಯಾಗುತ್ತಿತ್ತು. ಹಿಂದಿನ ಮೂರು ತಿಂಗಳಿಂದ ನನ್ನ ಹೆಸರಿನ ಮುಂದೆ ಇದ್ದದ್ದು ಬಹುಪಾಲು ಅಂಥವರೇ ಮೆಚ್ಚುವ ಎಸ್.ಎಲ್. ಭೈರಪ್ಪನವರ ಕಾದಂಬರಿಗಳು. ಆದರೆ ತೋರಿಸಿ ಗೆಲ್ಲೋದಕ್ಕಿಂತ ತೋರಿಸದೆ ಇದ್ದದ್ದೇ ನನಗೆ ಇಷ್ಟವಾಯ್ತು. ನಾನು ಯಾರನ್ನು ಓದ್ತೀನಿ ಅನ್ನೋದು ನನ್ನ ಒಳ್ಳೆಯತನಕ್ಕೆ ಸಾಕ್ಷಿಯಾಗಬೇಕಾ?

ಈಗ ಎದುರು ಮನೆ ಅವ್ವ.

ಹೆಸರು ಬರೀತೀನಿ ಅಂದಾಗ ‘ಬ್ಯಾಡ’ ಅಂದರು. ‘ನಿನ್ ಹೆಸ್ರು ಬರೆದು ಏನಾಯ್ತು ನೋಡ್ದಲ್ಲ.’ ವಯಸ್ಸು ಎಪ್ಪತ್ತರ ಮೇಲೆ. ಅವರ ಯಜಮಾನರು ಕರೆಂಟ್ ಆಫೀಸಿನಲ್ಲಿ ಮೀಟರ್ ನೋಡುವ ಕೆಲಸದಲ್ಲಿದ್ದರು. ಅವ್ವನಿಗೆ ಅಕ್ಷರ ಬರಲ್ಲ, ಅಂಕಿ ಬರುತ್ತೆ. ಗಂಡ ಬರೆದು ತಂದ ರೀಡಿಂಗನ್ನು ರಾತ್ರಿ ಕೂತು ಒಟ್ಟಿಗೆ ತಾಳೆ ನೋಡುತ್ತಿದ್ದರಂತೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

ಸೆಪ್ಟೆಂಬರ್ ಎರಡನೇ ಶನಿವಾರ ರಾತ್ರಿ. ಮಗಳನ್ನು ತವರಿಗೆ ಕಳಿಸಿದ್ದೆ. ಸಂಜೆ ಆರರಿಂದ ಫೋನ್ ನಿಂತಿರಲಿಲ್ಲ. ಆಫ್ ಮಾಡಬಹುದಿತ್ತು ಅಂತ ಈಗ ಎಲ್ಲರೂ ಹೇಳ್ತಾರೆ. ಬಸ್ಸಿನಲ್ಲಿದ್ದ ಗಂಡ, ತವರಿನಲ್ಲಿದ್ದ ಮಗಳು ಇಬ್ಬರಿಗೂ ಇದ್ದದ್ದು ಅದೇ ನಂಬರು. ಒಂಬತ್ತೂವರೆಗೆ ಅವ್ವ ಚಾಪೆ ಸುತ್ತಿಕೊಂಡು ಬಂದರು. ಏನೂ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ನಾನು ಮುಟ್ಟದೆ ಬಿಟ್ಟಿದ್ದ ಮುದ್ದೆಯನ್ನು ನೋಡಿದರು. ಬಂದು ಕೂತರು. ಫೋನ್ ಹೊಡ್ಕೊಂಡಿತು. ಕೈ ಚಾಚಿ, ‘ಕೊಡಿಲ್ಲಿ’ ಅಂದರು.

‘ಹಲೋ. ಯಾರಪ್ಪ? ಯಾವೂರು? ಉಂಡ್ಯಾ?’

ಆ ಕಡೆಯವನು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಬರೆಯೋ ಮಾತಲ್ಲ. ಅವ್ವ ಪೂರ್ತಿ ಕೇಳಿ, ‘ಆಯ್ತು, ಉಂಡ್ಯಾ ಅಂದೆ’ ಅಂದರು. ಫೋನ್ ಇಟ್ಟುಬಿಟ್ಟ. ಮುಂದಿನವನಿಗೂ ಅದೇ. ‘ಯಾರ್ ಮನೆ ಹುಡ್ಗ ನೀನು? ಇಷ್ಟೊತ್ತಾದ್ರೂ ಮಲಗಿಲ್ಲ, ನಿಮ್ಮವ್ವ ಏನೂ ಅನ್ನಲ್ವಾ?’ ಒಬ್ಬ ‘ಸಾರಿ ಅಜ್ಜಿ’ ಅಂದ. ಒಬ್ಬ ಅವ್ವನಿಗೂ ಬೈದ. ಅದಕ್ಕೆ ಅವರು ನನ್ನ ಕಡೆ ತಿರುಗಿ, ‘ಇವನ್ದು ನಮ್ಮ ಕಡೇ ಮಾತು ಕಣ್ ಮಗ, ಅರಸೀಕೆರೆ ಆಚೆಯೋನು’ ಅಂತ ಕಂಡುಹಿಡಿದರು. ಇನ್ನೊಬ್ಬ ಬೈಯೋಕೆ ಶುರು ಮಾಡಿ, ಹನ್ನೊಂದು ನಿಮಿಷ ಆದ ಮೇಲೆ ತನ್ನ ತೋಟದ ತೆಂಗಿಗೆ ಬಿದ್ದ ಕಪ್ಪು ತಲೆ ಹುಳದ ವಿಷಯ ಹೇಳುತ್ತಿದ್ದ. ನಾನು ಗೋಡೆಗೆ ಒರಗಿ ನಗುತ್ತಿದ್ದೆ. ಆಮೇಲೆ ಅದು ನಗು ಅಲ್ಲ ಅಂತ ನನಗೇ ಗೊತ್ತಾಯ್ತು.

ಒಂದು ಗಂಟೆ ದಾಟಿದ ಮೇಲೆ ಕರೆ ನಿಂತವು. ಅವ್ವ ಮಲಗಿದರು ಅಂದುಕೊಂಡೆ. ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಆ ಚಿತ್ರ ಕಳಿಸಿದವರ ಫೋಟೊ ನನ್ನ ಹತ್ತಿರ ಇತ್ತು, ನಂಬರ್ ಇತ್ತು, ಅವರ ಮನೆಯ ಒಂದು ಗುಟ್ಟೂ ಗೊತ್ತಿತ್ತು. ಮೂರನ್ನೂ ಸೇರಿಸಿ ಟೈಪ್ ಮಾಡಿದೆ. ನಾಲ್ಕು ಗುಂಪು ಆರಿಸಿದೆ. ಕೈ ನಡುಗುತ್ತಿರಲಿಲ್ಲ, ನಿಜ ಹೇಳ್ತೀನಿ. ಆ ಹೊತ್ತಿನಲ್ಲಿ ಅವರ ಹೆಂಡತಿ ಮಕ್ಕಳು ನನ್ನ ತಲೆಯಲ್ಲಿ ಇರಲೇ ಇಲ್ಲ. ಅವರ ಫೋನು ರಾತ್ರಿಯಿಡೀ ಹೊಡ್ಕೊಳ್ಳೋ ಸದ್ದು ಮಾತ್ರ ಕೇಳಿಸುತ್ತಿತ್ತು, ಹಿತವಾಗಿತ್ತು.

‘ಅದು ನಿನ್ ನಂಬರಲ್ಲ’ ಅಂದರು ಅವ್ವ, ಹಿಂದಿನಿಂದ. ‘ಯಾರ್ದು?’

ಅಂಕಿ ಬರುತ್ತೆ ಅಂದಿದ್ದೆನಲ್ಲ.

ನಾನು ಹೇಳಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ‘ನೀರು ಕುಡಿ’ ಅಂದರು. ನಾನು ನೀರು ಕುಡಿದು ಬರೋ ಹೊತ್ತಿಗೆ ಫೋನನ್ನು ತಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದರು. ಬೆಳಗ್ಗೆ ಕೊಟ್ಟರು. ಅಷ್ಟರಲ್ಲಿ ಬೆಳಕಾಗಿತ್ತು, ಯಜಮಾನರು ಬಂದಿದ್ದರು, ನಾನು ಅದನ್ನು ಅಳಿಸಿದೆ.

ಇನ್ನೊಂದು ವಿಷಯ ಹೇಳದಿದ್ದರೆ ಅವ್ವನಿಗೆ ಅನ್ಯಾಯವಾಗುತ್ತೆ. ನನ್ನ ಆ ಎರಡು ಸಾಲು ಅವರಿಗೆ ಒಪ್ಪಿಗೆ ಇಲ್ಲ. ಕಾಫಿ ಕುಡೀತಾ ಅವತ್ತೇ ಹೇಳಿದರು: ‘ಬೆಟ್ಟದ ತಾಯಿ ಪೂಜೆ ನಮ್ಮೋರೇ ಮಾಡ್ಬೇಕಿತ್ತು ಕಣ್ ಮಗ. ನೀನು ಬರ್ದಿದ್ದು ತಪ್ಪು.’ ಹಾಗಾದರೆ ರಾತ್ರಿ ಯಾಕೆ ಬಂದಿರಿ ಅಂದೆ. ನಾನು ಏನೋ ಅರ್ಥವಿಲ್ಲದ್ದು ಕೇಳಿದ ಹಾಗೆ ನೋಡಿ, ಲೋಟ ತೊಳೆಯೋಕೆ ಎದ್ದರು.

ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟಿಸಿದರು. ಕೋರ್ಟಿಗೆ ಹೋದವರ ಅರ್ಜಿಗಳು ಅಷ್ಟರಲ್ಲಿ ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ಬಿದ್ದುಹೋಗಿದ್ದವು. ಎರಡೇ ದಿನಕ್ಕೆ, 24ಕ್ಕೆ, ಭೈರಪ್ಪನವರು ತೀರಿಕೊಂಡರು. ಅವರ ಹುಟ್ಟೂರು ಸಂತೇಶಿವರ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಊರು. ಒಂದೇ ವಾರದಲ್ಲಿ ಒಂದೇ ಜಿಲ್ಲೆಯ ಇಬ್ಬರು. ಮೊನ್ನೆ ತನಕ ಒಬ್ಬರನ್ನು ಬೈದ ಗುಂಪು ಇನ್ನೊಬ್ಬರಿಗೆ ಅಳುತ್ತಿತ್ತು. ಒಬ್ಬರನ್ನು ಹೊಗಳಿದ ಗುಂಪು ಇನ್ನೊಬ್ಬರ ಸಾವಿನ ದಿನವೂ ಲೆಕ್ಕ ತೆಗೆಯುತ್ತಿತ್ತು. ಇಬ್ಬರನ್ನೂ ಓದಿದ ನನ್ನಂಥವರು ಎಲ್ಲಿ ಕೂತು ಅಳಬೇಕು ಅಂತ ಗೊತ್ತಾಗಲಿಲ್ಲ. ಅವತ್ತು ರಾತ್ರಿ ಭೈರಪ್ಪನವರದೊಂದು ಪುಸ್ತಕ ತೆಗೆದೆ. ಒಂದು ಪುಟವೂ ಹೋಗಲಿಲ್ಲ. ಕಣ್ಣು ಸಾಲಿನ ಮೇಲೆ ಜಾರುತ್ತಿತ್ತು. ಮೂವತ್ತು ವರ್ಷದಿಂದ ಓದುತ್ತಿದ್ದೇನೆ, ಮೊದಲ ಸಲ ಹೀಗಾಯ್ತು. ನವೆಂಬರ್ ಮುಗಿಯುವವರೆಗೂ ಹೀಗೇ.

ಆ 22ರಂದೇ ರಾಜ್ಯದಲ್ಲಿ ಜಾತಿಗಣತಿಯೂ ಶುರುವಾಯ್ತು. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಅಂತ ಹೆಸರು. ದಸರಾ ರಜೆಯಲ್ಲಿ ನಾವು ಮೇಷ್ಟ್ರುಗಳೆಲ್ಲ ಮೊಬೈಲ್ ಹಿಡಿದು ಮನೆ ಮನೆ ಸುತ್ತಿದೆವು. 60 ಪ್ರಶ್ನೆ. ಮೀಟರ್ ಪಕ್ಕ ಅಂಟಿಸಿದ ಸ್ಟಿಕರ್ ನೋಡಿ ಮನೆ ಗುರುತು ಹಿಡಿಯಬೇಕು. ನನ್ನ ಸ್ಥಿತಿ ನೋಡಿ: ಊರವರೆಲ್ಲ ನನ್ನ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ, ನಾನು ಅವರ ಜಗುಲಿಯಲ್ಲಿ ಕೂತು ಜಾತಿ, ಉಪಜಾತಿ, ಆದಾಯ, ಸಾಲ ಕೇಳ್ತಿದ್ದೇನೆ. ಮನಸ್ಸಿಲ್ಲದವರು ಹೇಳಬೇಕಾಗಿಲ್ಲ, ಕೊಟ್ಟ ಮಾಹಿತಿ ಗುಟ್ಟಾಗಿರಬೇಕು ಅಂತ ಹೈಕೋರ್ಟ್ ಹೇಳಿತ್ತು. ಪ್ರತಿ ಮನೆಯಲ್ಲೂ ಮೊದಲು ಅದನ್ನೇ ಹೇಳಿದೆ. ಸೆಪ್ಟೆಂಬರ್ ಮುಂಚೆ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ.

ಅವ್ವನ ಮನೆಯೂ ನನ್ನ ಪಾಲಿಗೇ ಬಂತು. ಕೋಳಿ ಕುರಿ ಚಿನ್ನದ ಲೆಕ್ಕ ಕೇಳಬೇಡಿ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಬೆಂಗಳೂರಿನ ಸಿಬ್ಬಂದಿಗೆ ಹೇಳಿದ್ದನ್ನು ಟಿವಿಯಲ್ಲಿ ನೋಡಿದ್ದರು. ‘ನಂದು ಕೇಳು, ನಾಲ್ಕವೆ’ ಅಂದರು, ಜಂಬದಿಂದ. (ಕೋಳಿ ವಿಷಯ ಬರೆಯೋಕೆ ಅನುಮತಿ ಇದೆ.) ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟವರು ಒಂದು ಪ್ರಶ್ನೆಗೆ ನಿಲ್ಲಿಸಿದರು. ಒಳಗೆ ಸೊಸೆ ಇದ್ದಳು. ನನ್ನ ಅಂಗೈಯನ್ನು ಎಳೆದುಕೊಂಡು ಬೆರಳಿನಿಂದ ಅಂಕಿ ಬರೆದರು. ಯಾವ ಪ್ರಶ್ನೆ, ಎಂಥ ಅಂಕಿ ಅಂತ ಕೇಳಬೇಡಿ.

ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಪುಟ್ಟಸ್ವಾಮಿಯವರ ಕಥೆ ಹೇಳೋದುಂಟು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 86ನೇ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಪ್ರತಿ ಸಲ ಯಾವುದಾದರೂ ಮಗು ‘ಖಾಸಗಿತನ ಅಂದ್ರೆ ಗುಟ್ಟಾ ಮಿಸ್?’ ಅಂತ ಕೇಳುತ್ತೆ. ಈ ಸಲ ಅಂಗೈ ನೆನಪಾಯ್ತು. ಗುಟ್ಟೇನೂ ಅಲ್ಲ, ನನಗೆ ಹೇಳಿದರಲ್ಲ. ಯಾರಿಗೆ, ಯಾವಾಗ, ಎಷ್ಟು ಮೆಲ್ಲಗೆ ಅಂತ ಅವರೇ ತೀರ್ಮಾನ ಮಾಡಿದರು. ನನ್ನ ನಂಬರಿನ ವಿಷಯದಲ್ಲಿ ನನ್ನಿಂದ ಕಿತ್ತುಕೊಂಡದ್ದು ಅದನ್ನೇ. ಜನರ ಸ್ವಂತ ಮಾಹಿತಿ ಕಾಪಾಡೋಕೆ ಮಾಡಿದ 2023ರ ಡೇಟಾ ಕಾಯ್ದೆಯ ನಿಯಮಗಳು ಈ ನವೆಂಬರಿನಲ್ಲಿ ಬಂದವು, ಆಸೆಯಿಂದ ಓದಿದೆ. ಒಬ್ಬ ವ್ಯಕ್ತಿ ತನ್ನ ಮನೆ ಬಳಕೆಗೆ, ಸ್ವಂತಕ್ಕೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆಯೇ ಅನ್ವಯಿಸಲ್ಲ. ನಮ್ಮ ಬೆಂಚಿನವರಿಗೆ ಅಂಗೈ ಮೇಲೆ ಬರೆಯೋದನ್ನು ಯಾರು ಕಲಿಸ್ತಾರೋ.

ಓದು ಹೇಗೆ ವಾಪಸ್ ಬಂತು ಅಂತ ಹೇಳಿ ಮುಗಿಸ್ತೀನಿ. ಡಿಸೆಂಬರ್, ಅವರೆಕಾಯಿ ಕಾಲ. ಅವ್ವನ ಜಗುಲಿಯಲ್ಲಿ ನೆನೆಹಾಕಿದ ಕಾಳಿನ ಬೋಗುಣಿ, ಹಿತಕೋಕೆ ಇಬ್ಬರು ಬೇಕು. ‘ಸುಮ್ನೆ ಕೂತಿದೀಯಲ್ಲ, ಏನಾದ್ರೂ ಓದು, ನನ್ ಕೈ ತಾನಾಗೇ ಆಡ್ತದೆ’ ಅಂದರು. ಕೈಗೆ ಸಿಕ್ಕಿದ್ದು ಬಾನು ಅವರ ಕಥೆಗಳೇ. ಜೋರಾಗಿ ಓದಿದಾಗ ಕಣ್ಣು ಜಾರಲಿಲ್ಲ. ಕೇಳೋರು ಎದುರಿಗೆ ಇದ್ದರಲ್ಲ, ನಿಲ್ಲಿಸೋ ಹಾಗಿರಲಿಲ್ಲ. ಕಾಳು ಬೆರಳ ನಡುವಿಂದ ಪುಳಕ್ಕನೆ ಹಾರಿ ಪುಟದ ಮೇಲೆ ಬಿತ್ತು, ಈಗಲೂ ಅಲ್ಲಿ ಹಸಿರು ಕಲೆ ಇದೆ. ದಿನಕ್ಕೊಂದರಂತೆ ಆರು ಕಥೆ ಆಗಿದೆ. ಮುತವಲ್ಲಿ (ಮಸೀದಿಯ ಆಡಳಿತ ನೋಡಿಕೊಳ್ಳೋನು) ಬಂದಾಗಲೆಲ್ಲ ‘ನಮ್ಮೂರ ಯಜಮಾನ್ರಂಥೋನೇ’ ಅಂತ ಹಲ್ಲು ಕಡೀತಾರೆ. ಕಥೆ ಹೇಗಿದೆ ಅಂದರೆ, ‘ಚೆನ್ನಾಗದೆ. ಬೆಟ್ಟದ ಮಾತು ಬೇರೆ.’ ಅದರಲ್ಲಿ ಒಂದಿಂಚೂ ಕದಲಿಲ್ಲ.

ನಿನ್ನೆ ಓದ್ತಾ ಇದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ನಾನು ಓದೋದು ನಿಲ್ಲಿಸಿದೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಮುಖ ನೋಡದೆ, ‘ಕೊಡಿಲ್ಲಿ’ ಅಂದರು.

ಗ್ಯಾಸ್ ಸಿಲಿಂಡರ್ ತಂದಿದ್ದ ಹುಡುಗ. ಅವನಿಗೂ ಕೇಳಿದರು, ಉಂಡ್ಯಾ ಅಂತ.