ಸ್ಪೀಕರ್ ಬದಲಿಸುವ ಮೊದಲು ಹೆಡ್‌ಫೋನ್ ಹಾಕಿ ನೋಡಿ

ಮಾನ್ಯ ಸಂಪಾದಕರೇ,

ನನ್ನ ಹೆಂಡತಿ ಸರಸ್ವತಿಪುರಂನ ನಮ್ಮ ಮನೆಯಿಂದಲೇ ಲ್ಯಾಪ್‌ಟಾಪ್ ಮುಂದೆ ಕೂತು ವೀಣೆ ಪಾಠ ಹೇಳುತ್ತಾಳೆ. ಹೋದ ತಿಂಗಳು ಒಬ್ಬ ಹುಡುಗಿಗೆ ‘ತಾಳ ತಪ್ತಿದೀಯಾ’ ಅಂತ ಮೂರು ಸಲ ಗದರಿದ ಮೇಲೆ ಗೊತ್ತಾಯಿತು, ತಾಳ ತಪ್ಪಿದ್ದು ಹುಡುಗಿಯಲ್ಲ, ನಮ್ಮ ಲ್ಯಾಪ್‌ಟಾಪು. ಶಬ್ದ ತೊದಲುತ್ತಿತ್ತು. ನಡುನಡುವೆ ಕಟ್, ಆಮೇಲೆ ಚಟ್ ಅಂತ ಒಂದು ಸದ್ದು.

ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯ ಹುಡುಗ ಎರಡು ನಿಮಿಷ ಕೇಳಿಸಿಕೊಂಡು ‘ಸ್ಪೀಕರ್ ಹೋಗಿದೆ ಸಾರ್, ಬೋರ್ಡೂ ಇರಬಹುದು, ನಾಲ್ಕು ಸಾವಿರ ಆಗತ್ತೆ’ ಅಂದ. ಹೆಡ್‌ಫೋನ್ ಹಾಕಿದರೂ ಹೀಗೇ ಬರುತ್ತೆ ಕಣಪ್ಪಾ, ಸ್ಪೀಕರ್ ಹೋಗಿದ್ದರೆ ಅದರಲ್ಲಿ ಸರಿಯಾಗಿ ಬರಬೇಕಿತ್ತಲ್ವಾ ಅಂತ ಕೇಳಿದೆ. ಉತ್ತರವಿಲ್ಲ. ವಾಪಸ್ ತಂದೆ.

ಇಂಟರ್ನೆಟ್ ನಿಧಾನ ಇರಬಹುದು ಅಂದುಕೊಂಡು ಲ್ಯಾಪ್‌ಟಾಪ್‌ನಲ್ಲೇ ಇಳಿಸಿಕೊಂಡಿದ್ದ ಒಂದು ಕೀರ್ತನೆ ಹಾಕಿದೆ. ಅದೂ ತೊದಲಿತು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಂದು ‘ಅಂಕಲ್, ವೈಫೈ ಆಫ್ ಮಾಡಿ ನೋಡಿ’ ಅಂದ. ಆಫ್ ಮಾಡಿದ್ದೇ ತಡ, ಕೀರ್ತನೆ ನೀರು ಹರಿದ ಹಾಗೆ ಬಂತು! ಕಂಪ್ಯೂಟರಿನಲ್ಲಿ ಶಬ್ದ ತಡವಾಗಲು ಯಾವುದು ಕಾರಣ ಅಂತ ಹುಡುಕುವ ಲೇಟೆನ್ಸಿಮಾನ್ ಅನ್ನೋ ಉಚಿತ ಪ್ರೋಗ್ರಾಂ ಹಾಕಿದಾಗ ಅದೂ ವೈಫೈ ಡ್ರೈವರ್, ಅಂದರೆ ವೈಫೈ ಭಾಗವನ್ನು ನಡೆಸುವ ಸಾಫ್ಟ್‌ವೇರ್ ಕಡೆಗೇ ಬೆರಳು ತೋರಿಸಿತು.

ನಾನು ಮಂಡ್ಯ ಕಡೆಯವನು, ನನಗೆ ಅರ್ಥವಾದದ್ದು ಆಲೆಮನೆ ಲೆಕ್ಕದಲ್ಲಿ. ಗಾಣ ನಿಲ್ಲದೆ ತಿರುಗುತ್ತಿರುತ್ತೆ, ಕಬ್ಬು ಕೊಡುವವನು ಕೊಡುತ್ತಲೇ ಇರಬೇಕು, ನಡುವೆ ಯಾರೋ ಅವನನ್ನು ಮಾತಿಗೆ ಹಿಡಿದುಕೊಂಡರೆ ಗಾಣ ಬರಿದೇ ತಿರುಗುತ್ತೆ. ಹಾಡೂ ಹಾಗೇ, ಕೆಲವೇ ಮಿಲಿಸೆಕೆಂಡಿನಷ್ಟು ತುಣುಕುಗಳಾಗಿ ಆಡಿಯೋ ಚಿಪ್‌ಗೆ ಹೋಗುತ್ತಿರಬೇಕು. ಕೆಟ್ಟ ಡ್ರೈವರ್ ಒಂದು ಪ್ರೊಸೆಸರನ್ನು ಹಿಡಿದು ನಿಲ್ಲಿಸಿಕೊಂಡರೆ ಮುಂದಿನ ತುಣುಕು ತಡವಾಗುತ್ತೆ, ಆ ಖಾಲಿ ಜಾಗವೇ ನಮಗೆ ಕೇಳುವ ಕಟ್.

ಎರಡು ದಿನ ಮೊದಲು ವಿಂಡೋಸ್ ಅಪ್‌ಡೇಟ್ ಆಗಿತ್ತು, ಅದರ ಜೊತೆ ಹೊಸ ವೈಫೈ ಡ್ರೈವರ್ ಬಂದು ಕೂತಿತ್ತು. ಡಿವೈಸ್ ಮ್ಯಾನೇಜರ್‌ಗೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳಿದೆವು. ಖರ್ಚು ಒಂದು ಲೋಟ ಕಾಫಿ. ಹೆಂಡತಿ ಆ ಹುಡುಗಿಗೆ ಸಾರಿ ಕೇಳಿದ್ದೂ ಆಯಿತು.

ಎಲ್ಲರದ್ದೂ ಇದೇ ಕಾಯಿಲೆ ಅಂತಲ್ಲ. ಬ್ಲೂಟೂತ್ ಹೆಡ್‌ಫೋನಲ್ಲಿ ಮಾತ್ರ ತೊದಲಿದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ, ಯಾಕಂದರೆ 2.4 ಗಿಗಾಹರ್ಟ್ಸ್‌ನಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ದಾರಿಯಲ್ಲಿ ನೂಕಾಡುತ್ತವೆ. ಬ್ಯಾಟರಿಯಲ್ಲಿದ್ದಾಗ ಮಾತ್ರ ಬಂದರೆ ಬ್ಯಾಟರಿ ಸೇವರ್ ತೆಗೆದು ನೋಡಿ. ಹೆಡ್‌ಫೋನಲ್ಲಿ ಚೆನ್ನಾಗಿ ಬಂದು ಸ್ಪೀಕರಲ್ಲಿ ಮಾತ್ರ ಕರಕರ ಅಂದರೆ ಆಗ ಸ್ಪೀಕರ್ ಮೇಲೆ ಅನುಮಾನ ಪಡಿ.

ರಿಪೇರಿ ಅಂಗಡಿಯವರಲ್ಲಿ ನನ್ನದು ಒಂದೇ ಕೇಳಿಕೆ. ಪರೀಕ್ಷೆ ಮಾಡಿದ್ದಕ್ಕೆ ಇನ್ನೂರು ರೂಪಾಯಿ ಜಾಸ್ತಿ ತಗೊಳ್ಳಿ, ಬೇಜಾರಿಲ್ಲ. ಆದರೆ ಏನು ಪರೀಕ್ಷೆ ಮಾಡಿದಿರಿ, ಏನು ಕಂಡಿತು ಅಂತ ಚೀಟಿಯಲ್ಲಿ ಬರೆದುಕೊಟ್ಟು ಆಮೇಲೆ ಪಾರ್ಟ್ ಬದಲಿಸಿ.

— ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು